ಮೂರನೇ ಬೋಗಿಯ ಬಾಗಿಲು

ನಾನು ಸುರಂಗದ ರೈಲಿನಲ್ಲಿ ಗಾರ್ಡ್ ಆಗಿದ್ದೆ. ನನ್ನ ತಂಗಿ ಯಾವಾಗಲೂ ಕೊನೇ ಗಳಿಗೆಯಲ್ಲಿ ಓಡಿ ಬಂದು, ಮುಚ್ಚುತ್ತಿರುವ ಬಾಗಿಲಿಗೆ ಕೈ ಒಡ್ಡುತ್ತಿದ್ದಳು. "ಇದೇನು ನಿಮ್ಮಪ್ಪನ ಗಾಡೀನಾ?" ಎಂದು ಬೈದರೆ, "ನಿಮ್ಮಪ್ಪಂದೂ ಹೌದಲ್ವೇನೇ ಅಕ್ಕ" ಎಂದು ನಗುತ್ತಿದ್ದಳು. ಬಾಗಿಲು ತೆಗೆದು ಒಳಗೆ ಬಿಟ್ಟುಕೊಳ್ಳುತ್ತಿದ್ದೆ.

ಅವಳು ಜ್ವರದಲ್ಲಿ ತೀರಿಹೋದ ಮೇಲೆ ನಾನು ಕೆಲಸಕ್ಕೆ ಮರಳಿದ ದಿನ, ಅವಳು ಹತ್ತುತ್ತಿದ್ದ ನಿಲ್ದಾಣದಲ್ಲಿ, ಬಾಗಿಲುಗಳೆಲ್ಲ ಮುಚ್ಚಿವೆ ಎಂದು ತೋರಿಸುವ ದೀಪ ಹತ್ತಲಿಲ್ಲ. ಹುಡುಕುತ್ತ ಹೋದೆ. ಮೂರನೇ ಬೋಗಿಯ ಬಾಗಿಲು ಅಂಗೈಯಗಲ ತೆರೆದೇ ಇತ್ತು. ಸಂದಿನಲ್ಲಿ ಕಸವಿಲ್ಲ, ಕಲ್ಲಿಲ್ಲ. ಅಂಚಿನ ರಬ್ಬರು ಮಾತ್ರ ನಾಲ್ಕು ಬೆರಳು ಒತ್ತಿ ಹಿಡಿದಂತೆ ತಗ್ಗಾಗಿತ್ತು. ಮುಟ್ಟಿದರೆ ಜ್ವರದ ಮೈಯಂತೆ ಸುಡುತ್ತಿತ್ತು.

"ಏನಕ್ಕಾ, ಬಾಗಿಲು ಮುನಿಸ್ಕೊಂಡಿದ್ಯಾ?" ಚಾಲಕ ಫೋನಿನಲ್ಲಿ ಕೇಳಿದ. "ಬೀಗ ಜಡಿದು ಬನ್ನಿ. ಹಿಂದೆ ಇನ್ನೊಂದು ಗಾಡಿ ಕಾಯ್ತಿದೆ."

"ಬಾರೇ ಒಳಗೆ," ಎಂದು ಮೆಲ್ಲಗೆ ಕರೆದೆ. ಬಾಗಿಲು ಅಲುಗಲಿಲ್ಲ. ಗಾಡಿಯ ಜನರೆಲ್ಲ ನನ್ನನ್ನೇ ನೋಡುತ್ತಿದ್ದರು. ಕಡೆಗೆ ಎರಡೂ ಕೈಯಿಂದ ದಬ್ಬಿ ಮುಚ್ಚಿ, ಬೀಗ ತಿರುಗಿಸಿದೆ. ದೀಪ ಹತ್ತಿತು, ಗಾಡಿ ಹೊರಟಿತು.

ಡಿಪೋದ ಮೆಕ್ಯಾನಿಕ್ ಬಾಗಿಲನ್ನು ಬಿಚ್ಚಿ ನೋಡಿ, ಏನೂ ಕೆಟ್ಟಿಲ್ಲ ಎಂದ.

ಕೆಲಸ ಬಿಡುವವರೆಗೂ ನಾನು ಆ ನಿಲ್ದಾಣದಲ್ಲಿ ಬಾಗಿಲನ್ನು ಕೊಂಚ ಹೆಚ್ಚು ಹೊತ್ತು ತೆರೆದಿಡುತ್ತಿದ್ದೆ. ಅದು ಮತ್ತೆಂದೂ ಕೆಡಲಿಲ್ಲ.