ಕತೆಯ ಕೊನೆ ಹೇಳದ ಸರ್

"ನೋಡ್ತಿರು, ಈಗ ಪುಸ್ತಕ ಮುಚ್ತಾರೆ," ಎಂದು ಸಿಐಡಿ ಪಕ್ಕದ ಗೆಳತಿಯ ಕಿವಿಯಲ್ಲಿ ಪಿಸುಗುಟ್ಟಿದಳು.

ಹೇಳಿ ಮುಗಿಸುವಷ್ಟರಲ್ಲಿ ಹೊಸದಾಗಿ ಬಂದ ಭಾಷೆ ಸರ್ ಕತೆಪುಸ್ತಕವನ್ನು ಟಪ್ಪೆಂದು ಮುಚ್ಚಿಯೇಬಿಟ್ಟರು.

"ಹೊಳೆ ತುಂಬಿದೆ. ದೋಣಿ ಹಳೇದು. ಆಚೆ ದಡದಲ್ಲಿ ಅಜ್ಜಿಗೆ ಜ್ವರ, ಔಷಧಿ ಹುಡುಗಿ ಕೈಯಲ್ಲಿದೆ. ಮುಂದೇನಾಯ್ತು? ನಾಳೆ ನೀವೇ ಹೇಳಬೇಕು!"

"ನಿಮಗೆ ಗೊತ್ತಿಲ್ವಾ ಸರ್?" ಹಿಂದಿನ ಬೆಂಚಿನಿಂದ ಯಾರೋ ಕೇಳಿದರು.

"ನೀವು ಏನು ಹೇಳ್ತೀರೋ, ಅದಂತೂ ಗೊತ್ತಿಲ್ಲಪ್ಪ," ಎಂದು ಸರ್ ನಕ್ಕರು.

ಸಿಐಡಿಗೆ ನಗು ಬರಲಿಲ್ಲ. ಹಾಲನ್ನು ಮೂಸಿ ನೋಡದೆ ಕುಡಿಯುವವಳಲ್ಲ ಅವಳು. ರಾತ್ರಿ ಜೋಡಿಸಿಟ್ಟ ಬ್ಯಾಗನ್ನು ಬೆಳಿಗ್ಗೆ ಮತ್ತೆ ಬಿಚ್ಚಿ ನೋಡುವವಳು. ಅದಕ್ಕೇ ಅಣ್ಣ ಸಿಐಡಿ ಎಂದು ಹೆಸರಿಟ್ಟಿದ್ದ. ಆ ಹೆಸರು ಮನೆಯಲ್ಲೇ ಉಳಿಯದೆ ಶಾಲೆಗೂ ಬಂದು ಅಂಟಿಕೊಂಡಿತ್ತು. ಉತ್ತರ ನೂರಕ್ಕೆ ನೂರು ಸರಿ ಎಂದು ಗೊತ್ತಿದ್ದರಷ್ಟೇ ಅವಳು ಕೈ ಎತ್ತುತ್ತಿದ್ದಳು. ರಜೆಯ ಮೇಲಿದ್ದ ಹಳೆ ಮಿಸ್ ಎಂದರೆ ಅವಳಿಗೆ ಪ್ರಾಣ. ಅವರು ಪ್ರಶ್ನೆಯ ಜೊತೆಗೇ ಉತ್ತರವನ್ನೂ ಬೋರ್ಡಿನ ಮೇಲೆ ಬರೆದುಬಿಡುತ್ತಿದ್ದರು.

"ಇವರು ನಿಜವಾದ ಟೀಚರೇ ಅಲ್ಲ ಕಣೇ," ಎಂದಳು ಸಿಐಡಿ. "ಕತೆ ಪೂರ್ತಿ ಓದೇ ಇಲ್ಲ. ಅದಕ್ಕೇ ನಮ್ಮನ್ನ ಕೇಳ್ತಾರೆ."

"ಸುಮ್ನಿರೇ! ನಿಂಗೆ ಎಲ್ಲದರಲ್ಲೂ ಡೌಟು."

ಸುಮ್ಮನಿದ್ದರೆ ಅವಳು ಸಿಐಡಿ ಹೇಗಾದಾಳು? ಬೆಲ್ ಹೊಡೆದಿದ್ದೇ ತಡ, ನೇರ ಹೆಡ್‌ಮಿಸ್ ರೂಮಿಗೆ ಹೋಗಿ ಹೇಳಿಯೇಬಿಟ್ಟಳು.

ಹೆಡ್‌ಮಿಸ್ ಕನ್ನಡಕ ತೆಗೆದರು. "ಹೌದಾ? ನಾಳೆ ನಾನೇ ಬಂದು ಕೂತು ನೋಡ್ತೀನಿ. ಸರಿಯಿಲ್ಲ ಅಂದ್ರೆ ಬೇರೆಯವರನ್ನ ಕರೆಸೋಣ."

ಮರುದಿನ ಸಿಐಡಿ ಎಲ್ಲರಿಗಿಂತ ಮೊದಲೇ ಶಾಲೆಗೆ ಬಂದಳು. ಕ್ಲಾಸಿನೊಳಗಿಂದ ಯಾರೋ ಮಾತಾಡುವುದು ಕೇಳಿಸಿತು. ಬಾಗಿಲ ಸಂದಿಯಿಂದ ಇಣುಕಿದಳು. ಸರ್ ಖಾಲಿ ಬೆಂಚುಗಳ ಮುಂದೆ ಅತ್ತಿಂದಿತ್ತ ಓಡಾಡುತ್ತ, ಪುಸ್ತಕ ನೋಡದೆ ಕತೆ ಹೇಳುತ್ತಿದ್ದರು.

"...ಹುಡುಗಿ ಬೆಳಗಾಗುವವರೆಗೆ ಕಾದಳು. ನೀರು ಇಳಿದ ಮೇಲೆ ದೋಣಿ ಹತ್ತಿದಳು. ಅಷ್ಟರಲ್ಲಿ ಅಜ್ಜಿಯ ಜ್ವರವೂ ಇಳಿದಿತ್ತು."

ಅರೆ! ಕೊನೆ ಇವರಿಗೆ ಬಾಯಿಪಾಠ! ಮತ್ತೆ ಈ ನಾಟಕ ಯಾಕೆ? ಸಿಐಡಿಯ ಅನುಮಾನ ಇನ್ನೂ ಹೆಚ್ಚಾಯಿತು. ಅಷ್ಟರಲ್ಲಿ ಬಾಗಿಲು ಕಿರ್ರೆಂದಿತು. ಸರ್ ಬೆಚ್ಚಿಬಿದ್ದರು. ಸೀಮೆಸುಣ್ಣ ಕೈಯಿಂದ ಜಾರಿ ಎರಡಾಯಿತು.

"ಓ, ನೀನಾ! ಹೆಡ್‌ಮಿಸ್ ಅಂದ್ಕೊಂಡೆ. ಇವತ್ತು ಬಂದು ಕೂತ್ಕೋತಾರಂತೆ. ನೋಡು, ಕೈ ಹೇಗೆ ನಡುಗ್ತಿದೆ. ನಾನು ಮೊದಲಿಂದ್ಲೂ ಪುಕ್ಕಲ."

ದೂರು ಹೇಳಿದ್ದು ತಾನೇ ಎಂಬುದು ಸಿಐಡಿಯನ್ನು ಚುಚ್ಚಿತು. "ಕೊನೆ ಗೊತ್ತಲ್ಲಾ ಸರ್, ಹೇಳಿಬಿಡಿ. ಆಮೇಲೆ ಭಯ ಯಾಕೆ?"

"ಹೇಳಿಬಿಟ್ರೆ ನಂಗೆ ಆರಾಮು," ಎಂದು ಸರ್ ಚೂರುಗಳನ್ನು ಆರಿಸಿಕೊಂಡರು. "ಆದರೆ ನೀವೇನು ಯೋಚಿಸ್ತೀರಿ ಅಂತ ಗೊತ್ತಾಗೋದೇ ಇಲ್ವಲ್ಲ."

ಕ್ಲಾಸ್ ಶುರುವಾಯಿತು. ಹೆಡ್‌ಮಿಸ್ ಹಿಂದಿನ ಬೆಂಚಿನಲ್ಲಿ ಕೂತರು. ಸರ್ ಅದೇ ಕತೆಯನ್ನು ಮತ್ತೆ ಮೊದಲಿಂದ ಓದುತ್ತ ಓದುತ್ತ ತುಂಬಿದ ಹೊಳೆಯ ಹತ್ತಿರ ಬಂದರು. ಇವತ್ತೊಂದು ದಿನ ಹೇಳಿಬಿಡಿ ಸರ್, ಎಂದು ಸಿಐಡಿ ಮನಸ್ಸಿನಲ್ಲೇ ಗೋಗರೆದಳು.

ಸರ್ ಒಮ್ಮೆ ಹೆಡ್‌ಮಿಸ್ಸನ್ನು ನೋಡಿದರು. ಟಪ್! ಪುಸ್ತಕ ಮುಚ್ಚಿತು.

"ಮುಂದೇನಾಯ್ತು?"

ಯಾರೂ ಉಸಿರೆತ್ತಲಿಲ್ಲ. ಹೆಡ್‌ಮಿಸ್ ಇದ್ದಾರೆ, ತಪ್ಪಾದರೆ? ಸರ್ ಮುಖ ಬಿಳಿಚಿಕೊಂಡಿತು. ಸರಿಯುತ್ತರ ಗೊತ್ತಿದ್ದದ್ದು ಇಡೀ ಕ್ಲಾಸಿನಲ್ಲಿ ಒಬ್ಬಳಿಗೇ. ಸಿಐಡಿ ಕೈ ಎತ್ತಿದಳು.

ಬೆಳಗಾಗುವವರೆಗೆ ಕಾದಳು ಎನ್ನುವುದು ಅವಳ ನಾಲಿಗೆಯ ತುದಿಗೇ ಬಂದಿತ್ತು. ಆಗ ಸರ್ ಕೈಯಲ್ಲಿದ್ದ ಸೀಮೆಸುಣ್ಣ ಕಣ್ಣಿಗೆ ಬಿತ್ತು. ಅದು ಇನ್ನೂ ನಡುಗುತ್ತಿತ್ತು.

"ಅವಳು ಆಗಲೇ ಹೊರಟ್ಲು ಸರ್," ಎಂದಳು. "ಕೈ ನಡುಗ್ತಿತ್ತು. ಆದ್ರೂ ದೋಣಿ ಹತ್ತಿದ್ಲು. ಸರಿನೋ ತಪ್ಪೋ... ನಂಗೆ ಗೊತ್ತಿಲ್ಲ."

ಸರ್ ಅವಳನ್ನೇ ನೋಡುತ್ತ ನಿಂತುಬಿಟ್ಟರು.

"ಅಯ್ಯೋ, ಮುಳುಗ್ತಾಳೆ ಸರ್!" ಗೆಳತಿ ಎದ್ದಳು.

"ಹಗ್ಗ ಕಟ್ಕೊಂಡು ಹೋಗ್ಲಿ ಸರ್!"

"ಹಗ್ಗ ನಿಮ್ಮಪ್ಪ ತರ್ತಾರೇನೋ?"

ಕ್ಲಾಸೆಲ್ಲ ಗಲಾಟೆಯೋ ಗಲಾಟೆ. ಅದರ ನಡುವೆ ಹಿಂದಿನ ಬೆಂಚಿನಿಂದಲೂ ಒಂದು ಕೈ ಮೇಲೆದ್ದಿತು. "ಅಲ್ಲಾ, ಆ ಹೊಳೆ ಎಷ್ಟು ಅಗಲ ಇತ್ತು?" ಎಂದು ಹೆಡ್‌ಮಿಸ್ ಕೇಳಿದರು.

ಸಿಐಡಿ ಕೂತಳು. ಅವಳ ಬೆರಳುಗಳೂ ನಡುಗುತ್ತಿದ್ದವು. ಯಾರಾದರೂ ನೋಡಿಯಾರು ಎಂದು ಡೆಸ್ಕಿನ ಕೆಳಗೆ ಬಚ್ಚಿಟ್ಟಳು. ಆಮೇಲೆ ಸರ್ ಕಡೆ ನೋಡಿ, ಮೆಲ್ಲಗೆ ಮತ್ತೆ ಡೆಸ್ಕಿನ ಮೇಲಿಟ್ಟಳು.