ಅವಳೇ ಬೀಗ ಹಾಕಿದ ಅಕ್ಷರಗಳು

ಛಟಾರ್!

ಆರು ತಿಂಗಳಿಂದ ಫೋನಿನಲ್ಲಷ್ಟೇ ಕೇಳಿದ್ದ ದನಿಯ ಒಡೆಯನನ್ನು ಅವಳು ಮೊದಲ ಸಲ ಮುಟ್ಟಿದ್ದು ಹೀಗೆ... ಕೆನ್ನೆಗೆ ಬಾರಿಸಿ!

"ನನ್ನ ಸ್ಲೈಡು ಕೆಡಿಸಿದ್ದು ನೀನೇ ತಾನೇ? ಹೇಳು!"

ಒಂದೇ ಜಾಹೀರಾತು ಕಂಪನಿ, ಎರಡು ಊರಿನ ಆಫೀಸು. ಅಲ್ಲಿ ಅವಳು ಸ್ಲೈಡು ಮಾಡುತ್ತಿದ್ದಳು, ಇಲ್ಲಿ ಅವನು ಗಿರಾಕಿಗಳಿಗೆ ತೋರಿಸುತ್ತಿದ್ದ. ಕೆಲಸದ ಮಾತು ಯಾವಾಗ ಮನಸ್ಸಿನ ಮಾತಾಯಿತೋ ಇಬ್ಬರಿಗೂ ಗೊತ್ತಿರಲಿಲ್ಲ. ಇವತ್ತು ಅವನನ್ನು ನೋಡಲೆಂದೇ ಅವಳು ಬಂದಿದ್ದಳು.

ನೋಡಿದ್ದೇನು? ಅವಳೇ ಕೈಯಾರೆ ತಿದ್ದಿ ತೀಡಿ ಮಾಡಿದ್ದ ಅಕ್ಷರಶೈಲಿ, ಆ ಫಾಂಟು, ಪರದೆಯ ಮೇಲೆ ಇರಲೇ ಇಲ್ಲ! ಅದರ ಜಾಗದಲ್ಲಿ ಯಾವುದೋ ದಪ್ಪಕ್ಷರ. ಸಾಲಿನ ಮೇಲೆ ಸಾಲು ಹತ್ತಿತ್ತು, ಒತ್ತಕ್ಷರಗಳೆಲ್ಲ ಖಾಲಿ ಚೌಕಗಳಾಗಿದ್ದವು. ಗಿರಾಕಿಗಳು ಮುಸಿಮುಸಿ ನಕ್ಕು ಎದ್ದು ಹೋದರು.

"ತಪ್ಪು ನಂದೇ," ಎಂದ ಅವನು, ಕೆನ್ನೆ ಮುಟ್ಟಿಕೊಳ್ಳದೆ.

ಅಷ್ಟು ಸಾಕಾಯಿತು ಅಲ್ಲೇ ಕೂತಿದ್ದ ಕಂಪನಿಯ ಯಜಮಾನನಿಗೆ. ಕುರ್ಚಿಯನ್ನು ಒದ್ದು ಬಂದವನೇ ಅವನ ಕೊರಳಪಟ್ಟಿ ಹಿಡಿದು ತನ್ನ ಕೋಣೆಗೆ ದರದರ ಎಳೆದೊಯ್ದ. ಬಾಗಿಲು ದಡಾರನೆ ಮುಚ್ಚಿತು. ಒಳಗೆ ಗಾಜು ಒಡೆದ ಸದ್ದು.

'ಬೀಳಲಿ ಏಟು!' ಎಂದುಕೊಂಡು ಅವಳು ಹಲ್ಲು ಕಡಿಯುತ್ತ ಅವನ ಕಂಪ್ಯೂಟರಿನಲ್ಲಿ ಫೈಲು ತೆರೆದಳು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ಈ ಮಹಾತಾಯಿ ಹೊಡೆದಾದ ಮೇಲೆ ನೋಡಿದಳು!

ಅವನು ಒಂದಕ್ಷರವನ್ನೂ ಮುಟ್ಟಿರಲಿಲ್ಲ. ಫಾಂಟು ಫೈಲಿನ ಜೊತೆ ಬಂದೇ ಇರಲಿಲ್ಲ...

ಅವಳಿಗೆ ಥಟ್ಟನೆ ನೆನಪಾಯಿತು. ಹಿಂದೊಮ್ಮೆ ಯಾರೋ ಅವಳ ಫಾಂಟು ಕದ್ದಿದ್ದರು. ಅದಕ್ಕೇ ಈ ಸಲ ಬೇರೆ ಕಂಪ್ಯೂಟರಿಗೆ ಹೋಗದಂತೆ ತಾನೇ ಬೀಗ ಹಾಕಿದ್ದಳು. ಫೈಲು ಉಳಿಸುವಾಗ 'ಈ ಫಾಂಟು ಜೊತೆಗೆ ಬರುವುದಿಲ್ಲ' ಎಂಬ ಎಚ್ಚರಿಕೆ ಬಂದಿತ್ತು. ಇವನನ್ನು ನೋಡುವ ಅವಸರದಲ್ಲಿ ಓದದೆ 'ಸರಿ' ಒತ್ತಿದ್ದಳು!

'ಅಯ್ಯೋ... ಗೊತ್ತಿದ್ದೂ ನನ್ನ ತಪ್ಪು ತನ್ನ ತಲೆ ಮೇಲೆ ಹಾಕಿಕೊಂಡನಾ?'

ಬಾಗಿಲನ್ನು ಭುಜದಿಂದ ಗುದ್ದಿ ಒಳನುಗ್ಗಿದಳು. ಯಜಮಾನ ಅವನನ್ನು ಗೋಡೆಗೆ ಒತ್ತಿ ಹಿಡಿದಿದ್ದ. ಅವನ ತುಟಿ ಒಡೆದು ರಕ್ತ ಸುರಿಯುತ್ತಿತ್ತು.

"ಬಿಡ್ರೀ ಅವರನ್ನ! ತಪ್ಪು ನಂದು!" ಎರಡೂ ಕೈಯಿಂದ ಯಜಮಾನನನ್ನು ಹಿಂದಕ್ಕೆ ತಳ್ಳಿದಳು. ಯಜಮಾನ ಮೇಜಿಗೆ ಬಡಿದು ಕೂತ.

"ಇಬ್ರೂ ತೊಲಗಿ! ನಾಳೆಯಿಂದ ಈ ಕಡೆ ತಲೆ ಹಾಕ್ಬೇಡಿ!"

ಹೊರಗೆ ಮೆಟ್ಟಿಲ ಮೇಲೆ ಕೂತು ಅವಳು ಅವನ ತುಟಿಗೆ ದುಪಟ್ಟಾ ಒತ್ತಿದಳು.

"ತಪ್ಪು ನಿಮ್ದು ಅಂತ ಯಾಕೆ ಹೇಳಿದ್ರಿ?"

"ಆ ಚೌಕಗಳನ್ನ ಕಂಡ ಕೂಡ್ಲೇ ಫಾಂಟು ಬಂದಿಲ್ಲ ಅಂತ ಗೊತ್ತಾಯ್ತು. ನಿಮ್ಮ ಕೆಲ್ಸ ಉಳೀಲಿ ಅಂತ ಹಾಗಂದೆ. ಅದನ್ನೂ ಕಳ್ಕೊಂಡ್ರಲ್ಲ!"

"ಹೋಗ್ಲಿ ಬಿಡಿ... ತುಂಬಾ ನೋಯ್ತಿದೆಯಾ?"

"ಅವನು ಹೊಡೆದದ್ದಲ್ಲ. ನೀವು ನಂಬ್ಲಿಲ್ವಲ್ಲ... ಅದು."

ಅವಳ ದುಃಖ ಕಟ್ಟೆಯೊಡೆಯಿತು. "ನೀವಂದ್ರೆ ನಂಗೆ ಪ್ರಾಣ ಕಣ್ರೀ! ಅದನ್ನ ಹೇಳೋಕೆ ಬಂದು ಹೊಡೆದುಬಿಟ್ಟೆ. ಇನ್ಮೇಲೆ ಯಾವತ್ತೂ ಕೈ ಎತ್ತಲ್ಲ. ನನ್ನ ಬಿಟ್ಟು ಹೋಗ್ತೀರಾ?"

ಅವನು ನಗಲು ಹೋಗಿ ನೋವಿಗೆ ಮುಖ ಕಿವುಚಿದ.

"ಕೋಪ ಬಂದ್ರೆ ಮೊದ್ಲು ನನ್ನ ಕೇಳ್ತೀರಾ?"

"ಕೇಳ್ತೀನಿ... ಸಾಯೋವರೆಗೂ ಕೇಳ್ತೀನಿ."

"ಹಾಗಾದ್ರೆ ನಾನೆಲ್ಲಿಗೆ ಹೋಗ್ಲಿ? ನಿಮ್ಮ ಜೊತೇಲೇ ಇರ್ತೀನಿ."