ಏಳು ಕೊಂಬೆಯ ಕಲ್ಲುಬೊಡ್ಡೆ

"ಆ ಕಲ್ಲೊಂದು ಬಿಟ್ಟಬಿಡ್ರಿ, ಶ್ರೀಕಾಂತ್. ಕೈ ಹಚ್ಚಬ್ಯಾಡ್ರಿ," ಎಂದರು ಶರಣಮ್ಮ, ಕೂಸಿನ ನೆತ್ತಿಗೆ ಎಣ್ಣೆ ತಟ್ಟುತ್ತ.

ಲೀಡ್ಸ್‌ನಲ್ಲಿ ಮೂವತ್ತು ವರ್ಷ ನರ್ಸಾಗಿ ದುಡಿದ ಆಕೆ ನೇತ್ರಾಳ ಚಿಕ್ಕಮ್ಮ, ಬಾಣಂತನಕ್ಕೆ ಬಂದಿದ್ದರು. ನೇತ್ರಾಳ ಗಂಡ ಶ್ರೀಕಾಂತ್ ಧಾರವಾಡ ಬಿಟ್ಟು ಇಂಗ್ಲೆಂಡಿಗೆ ಬಂದು ವರ್ಷವಾಗಿರಲಿಲ್ಲ. ಹಳೆಯ ಸ್ಮಶಾನದ ಗೋರಿಕಲ್ಲುಗಳನ್ನು ದೂಡಿ ನೋಡಿ, ಅಲುಗಿದ್ದನ್ನು ಯಾರ ಮೇಲೂ ಬೀಳದಂತೆ ನೆಲಕ್ಕೆ ಮಲಗಿಸುವುದು ಅವನ ಕೆಲಸ.

"ಮಾಟದ ಕಲ್ಲು ಅಂತ ರಿಪೋರ್ಟಿನ್ಯಾಗ ಬರೀಲೇನ್ರಿ, ಚಿಕ್ಕಮ್ಮ? ಪೋಸ್ಟ್‌ಕೋಡ್ ಸಮೇತ?"

ಶರಣಮ್ಮ ನಗಲಿಲ್ಲ. "ಹಿಂದಕ ಇಲ್ಲಿ ಉಣ್ಣೆ ಗಿರಣಿಯ ಬಾಯ್ಲರ್ ಒಡೆದು, ಕೆಲಸಕ್ಕಿದ್ದ ಏಳು ಮಕ್ಕಳು ಬೆಂದ್ಹೋದ್ವು. ಮಾಲಕ ಹೊಳ್ಳಿ ನೋಡಲಿಲ್ಲ. ತಾಯಂದಿರು ಕಲ್ಲು ನಿಲ್ಲಿಸಿ ಶಾಪ ಹಾಕ್ಯಾರ."

ಸ್ಮಶಾನದ ದಿಬ್ಬದ ಮೇಲೆ ಮಾಲಕನ ಗೋರಿಯ ದೇವದೂತೆ ಕುಡುಕನಂತೆ ವಾಲಿದ್ದಳು. ಶ್ರೀಕಾಂತನ ಗುತ್ತಿಗೆ ಕಂಪನಿ ಅವಳಿಗೆ ಕಬ್ಬಿಣದ ಆಸರೆ ಕೊಟ್ಟಿತ್ತು. ಬಡವರ ಕಲ್ಲಿಗೆ ಆಸರೆಯಿಲ್ಲ. ತಗ್ಗಿನಲ್ಲಿ ಆ ಕಲ್ಲುಬೊಡ್ಡೆ. ಓಕ್ ಮರದ ಸಿಗುರು ತೊಗಟೆ, ತಬ್ಬಿದ ಬಳ್ಳಿ, ಕಡಿದ ಏಳು ಕೊಂಬೆ, ಎಲ್ಲವೂ ಉಳಿಯ ಕೆಲಸ. ಮಸಿ ಹಿಡಿದ ಬುಡದಲ್ಲಿ ಅಕ್ಷರ: ನಮ್ಮನ್ನು ಕೆಡವಿದವನಿಗೆ ನೋವೇ ತಿಳಿಯದಿರಲಿ, ನಮ್ಮ ಮಾಲಕನಿಗೆ ತಿಳಿಯದೇ ಹೋದ ಹಾಗೆ.

ಶ್ರೀಕಾಂತ್ ದೂಡಿದ. ಅಲುಗಲಿಲ್ಲ. ಪಾಸೆಂದು ಬರೆದು ಮುಂದೆ ಹೋಗಬೇಕಿತ್ತು. ಅವನಿಗೆ ಹಟ ಬಂತು. ಹೆಗಲು ಕೊಟ್ಟ. ಕಲ್ಲಿಗೆ ಬೇರಿದ್ದಂತೆ ಒಳಗೇನೋ ಹರಿದ ಸದ್ದು. ಬೊಡ್ಡೆ ಉರುಳಿತು. ಗುಂಡಿಯಿಂದ ಮಣ್ಣಿನ ವಾಸನೆಯಲ್ಲ, ಬೆಂದ ಉಣ್ಣೆಯ ಕಮಟು ಎದ್ದಿತು. ಬೆರಳ ತುದಿ ಜುಮ್ಮೆಂದಿತು. ಆಮೇಲೆ ಅದೂ ಇಲ್ಲ.

ಮೂರನೆಯ ದಿನ ಮುಂಜಾನೆ ಶರಣಮ್ಮ ಡಾಕ್ಟರ ಬಳಿ ಹೋಗಿದ್ದರು. ಬಚ್ಚಲಲ್ಲಿ ಕೂಸಿಗೆ ಎರೆಯುವ ನೀರನ್ನು ಶ್ರೀಕಾಂತನೇ ಟಬ್ಬಿಗೆ ತೋಡಿದ.

"ನೀರು ಹದ ಅದಾವೇನ್ರಿ?" ಬಾಣಂತಿ ಕೋಣೆಯಿಂದ ನೇತ್ರಾ ಕೇಳಿದಳು.

ಕೈ ಅದ್ದಿದ. "ತಣ್ಣಗವ."

ಕೆಟಲ್ ಪೂರ್ತಿ ಸುರಿದ. ಮತ್ತೆ ಅದ್ದಿದ. ಇನ್ನೂ ತಣ್ಣಗೆ. ಇನ್ನೊಂದು ಕೆಟಲ್. ಹಬೆ ಕನ್ನಡಿ ಮುಚ್ಚಿತು. ಬೆಂದ ಉಣ್ಣೆಯ ಕಮಟು. ಕೂಸನ್ನೆತ್ತಿಕೊಂಡ. ಬಗ್ಗಿದ. ಪುಟ್ಟ ಹಿಮ್ಮಡಿ ನೀರಿಗೆ ತಾಕಿತು.

ಚೀರಾಟ.

ನೇತ್ರಾ ಓಡಿಬಂದಳು. ಕೂಸನ್ನು ಕಸಿದುಕೊಂಡಳು. "ಅಯ್ಯೋ, ನಿಮ್ಮ ಕೈ!"

ನೋಡಿದ. ಮುಂಗೈಯ ಚರ್ಮ ಹಾಲಿನ ಕೆನೆಯಂತೆ ಜೋಲುತ್ತಿತ್ತು.

"ಏನೂ ಆಗಿಲ್ಲ," ಎಂದ.

ಅವಳು ಹಿಂದೆ ಸರಿದಳು. ಕೈಯನ್ನಲ್ಲ, ಅವನ ಮುಖವನ್ನು ನೋಡಿ. ಕೂಸಿನೊಂದಿಗೆ ಅಡುಗೆಮನೆಗೆ ಓಡಿದಳು, ಬಾಗಿಲ ಚಿಲಕ ಬಿತ್ತು. ಆಚೆ ತಣ್ಣೀರು ಸುರಿಯುವ ಸದ್ದು, ನೇತ್ರಾಳ ಬಿಕ್ಕು, ಮಗಳ ಅಳು.

ಅಳು ಕೇಳಿಸುತ್ತಿತ್ತು. ಕಿವಿಗೆ ಮಾತ್ರ, ಎದೆಗಲ್ಲ.